ಕೆಂಡದ ಕೆಳಗಿನ ಉಸುಕು

ಇದ್ದಿಲಿನ ಮೇಲೆ ಸೀಮೆಎಣ್ಣೆ ಸುರಿದರೆ ಏಳುತ್ತದಲ್ಲ, ಆ ವಾಸನೆ... ಈಚೆಗೆ ಒಂದು ಸಂಜೆ ಸೇಡಂನಲ್ಲಿ ಪರಿಚಯದವರ ಮನೆಯ ಮಾಳಿಗೆ ಹತ್ತುತ್ತಿದ್ದೆ. ಕೊನೆಯ ಮೆಟ್ಟಿಲು ಇನ್ನೂ ದಾಟಿರಲಿಲ್ಲ, ಆ ವಾಸನೆ ಬಂದು ಮೂಗಿಗೆ ಬಡಿಯಿತು.

"ಯಾಂವಾ ಅಂವ, ಇದ್ಲಿಗಿ ಎಣ್ಣಿ ಹೊಯ್ದಾಂವ? ಸಾರಿನ್ಯಾಗೂ ಅದನ್ನೇ ಹೊಯ್ಕೊಂಡು ಉಣ್ತಿಯೇನು?"

ಬಾಯಿ ನನ್ನದೇ, ಮಾತು ಮಾತ್ರ ನನ್ನದಲ್ಲ. ಶಹಾಬಾದಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅತ್ತಿಯದು. ರಕ್ತಸಂಬಂಧವೇನೂ ಇಲ್ಲ, ಓಣಿಯವರೆಲ್ಲ ಅವಳನ್ನು ಅತ್ತಿ ಎನ್ನುತ್ತಿದ್ದರು, ಹೊಸ ಸೊಸೆಯಾಗಿ ಹೋದ ನಾನೂ ಹಾಗೇ ಅಂದೆ. ಅವಳು ಮಣ್ಣಿಗೆ ಹೋಗಿ ಎಷ್ಟೋ ವರ್ಷಗಳಾದವು. ಬೈಗುಳ ಮಾತ್ರ ನನ್ನ ನಾಲಿಗೆಯ ಮೇಲೆ ಇನ್ನೂ ಬೆಚ್ಚಗಿದೆ.

ನಾನು ಹತ್ತಿದ ಮಾಳಿಗೆ ಅತ್ತಿಯ ಮಗಳ ಮನೆಯದು. ಚಿಂಚೋಳಿಗೆ ಮದುವೆಯಾಗಿ ಹೋದವಳು, ಮಗನಿಗೆ ಇಲ್ಲಿಯ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಸಿಕ್ಕ ಮೇಲೆ ಸೇಡಂಗೆ ಬಂದಿದ್ದಾಳೆ. ಗಂಡ ತೀರಿದ ಮೇಲೆ ನಾನೂ ತವರೂರು ಸೇಡಂಗೇ ಮರಳಿದವಳು. ಆ ಹುಡುಗ ಹೊಸದೊಂದು ಇದ್ದಿಲ ಒಲೆ ತರಿಸಿದ್ದ. ಗುಂಡಗಿನ ಹೊಟ್ಟೆ, ಮೂರು ಕಾಲು, ಮೇಲೊಂದು ಜಾಳಿಗೆ, ಅದಕ್ಕೊಂದು ಮುಚ್ಚಳ. ಕೆಂಡದ ಮೇಲೆ ಸುಡುವ ಅಡುಗೆ ಕಲಿಯುವ ಹುಮ್ಮಸ್ಸು. ಒಲೆ ಇನ್ನೂ ಹೊತ್ತಿರಲಿಲ್ಲ, ಹುಡುಗನ ಹಣೆ ಆಗಲೇ ಕಪ್ಪಾಗಿತ್ತು.

"ವಿಡಿಯೋದಾಗ ಎಣ್ಣಿ ಹಾಕಿ ಭಗ್ ಅಂತ ಹಚ್ತಾರ ಆಯಿ," ಎಂದ.

"ವಿಡಿಯೋದವ್ರು ತೋರಸ್ತಾರಪ್ಪ, ಉಣ್ಣಂಗಿಲ್ಲ. ನೀ ಉಣ್ಣಾಂವ ಇದ್ದಿ."

ಎಣ್ಣೆ ಕುಡಿದ ಇದ್ದಿಲನ್ನೆಲ್ಲ ತೆಗೆಸಿದೆ. ಒಣಗಿದ ತೊಗರಿಕಟ್ಟಿಗೆ ಮುರಿದು ಕೆಳಗಿಡಿಸಿ, ಹೊಸ ಇದ್ದಿಲನ್ನು ಗುಡ್ಡದ ಹಾಗೆ ಪೇರಿಸಿ, ಕೆಳಗಿನಿಂದ ಕಡ್ಡಿ ಗೀರಿಸಿದೆ. ಅವನ ಕೈಗೆ ಬೀಸಣಿಗೆ ಕೊಟ್ಟು, "ಬೂದಿಯ ಇಬತ್ತಿ ಬರೂತನಕ ಬೀಸು, ನಿಮ್ಮ ಅಜ್ಜಿ ಕಲಿಸಿದ್ದು," ಎಂದು ಪಕ್ಕದಲ್ಲಿ ಕುಳಿತೆ. ಸಣ್ಣಗೆ ಚಿಟಿಚಿಟಿ ಸದ್ದು ಶುರುವಾಯಿತು... ನಾನು ಶಹಾಬಾದಿಗೆ ಹೋಗಿಬಿಟ್ಟಿದ್ದೆ.

ಶಹಾಬಾದಿನ ಆ ಓಣಿಯಲ್ಲಿ ತೊಟ್ಟಿಲು ಬಿಟ್ಟರೆ ಉಳಿದದ್ದೆಲ್ಲ ಕಲ್ಲಿನದೇ. ಗೋಡೆ ಕಲ್ಲು, ಮಾಳಿಗೆ ಕಲ್ಲು, ನೆಲ ಕಲ್ಲು, ನೀರಿನ ದೋಣಿಯೂ ಕಲ್ಲು. ನಾವು ಫರ್ಸಿ ಎನ್ನುವ ಆ ನುಣ್ಣನೆಯ ಹಾಸುಗಲ್ಲಿನ ಮೇಲೆ ಊರಿಗೆ ಊರೇ ಬದುಕಿತ್ತು. ಅತ್ತಿಯ ಗಂಡನೂ ಕಲ್ಲಿನ ಗಣಿಯಲ್ಲಿ ದುಡಿದವನು. ನಾನು ಹೋಗುವಷ್ಟರಲ್ಲಿ ಅವನು ಇರಲಿಲ್ಲ. ಅತ್ತಿ ತನ್ನ ಒಬ್ಬಳೇ ಮಗಳೊಂದಿಗೆ ಭಾವನ ಮನೆಯ ಮುಂದಿನ ಕೋಣೆಯಲ್ಲಿ ಇದ್ದಳು. ಭಾವ ಎಂದರೆ ಗಂಡನ ಅಣ್ಣ. ಕಲ್ಲಿಗೆ ಪಾಲಿಶ್ ಹಾಕುವ ಮಶೀನು ಇಟ್ಟುಕೊಂಡಿದ್ದ ದೊಡ್ಡ ಮನುಷ್ಯ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ತಾನು ಹಾಸಿದ ನೆಲದಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದ.

ಅತ್ತಿಯ ತವರು ಕುಂಚಾವರಂ ಕಡೆಯ ಕಾಡಿನಂಚು. ಇದ್ದಿಲಿಗೆ ಅವಳು ತೆಲುಗಿನಲ್ಲಿ 'ಬೊಗ್ಗು' ಅನ್ನುವಳು. ನಾವು ನಕ್ಕರೆ, "ನಿಮ್ಮ ಇದ್ಲಿ ಅಂದ್ರ ಬರೇ ಕರ್ರಗ ಇರ್ತದ. ನಮ್ಮ ಬೊಗ್ಗು ಅಂದ್ರ ಉರೀತದ," ಎನ್ನುವಳು. ಸಂಜೆಯಾದರೆ ಅರ್ಧಕ್ಕೆ ಕೊಯ್ದ ತಗಡಿನ ಪೀಪಾಯಿ ಹೊರಗೆ ಬರುವುದು. ನಾಲ್ಕು ಇಟ್ಟಂಗಿಯ ಮೇಲೆ ಅದನ್ನು ಕೂಡಿಸಿ ಕೆಂಡ ಮಾಡುವಳು. ಮೆಕ್ಕೆಜೋಳದ ತೆನೆ, ಕಬ್ಬಿಣದ ಸೀಖಿಗೆ ಪೋಣಿಸಿದ ಕಬಾಬು, ಒಮ್ಮೊಮ್ಮೆ ಕಾಗಿಣಾ ನದಿಯ ಮೀನು. ಆ ಹೊಗೆ ಓಣಿಯ ತುದಿಗೆ ಮುಟ್ಟುವ ಮುಂಚೆಯೇ ಗಿರಾಕಿ ಬಂದಿರುತ್ತಿದ್ದರು.

ನಮ್ಮದು ಲಿಂಗ ಕಟ್ಟಿದ ಮನೆ. ಮಾಂಸದ ಮಾತೇ ಇಲ್ಲ. ಆದರೂ ಕೆಂಡದಲ್ಲಿ ಸುಟ್ಟ ಬದನೆಕಾಯಿ ಎಂದರೆ ನಮ್ಮ ಮನೆಯಾಕೆ, ನನ್ನ ಗಂಡನ ತಾಯಿ, ಬಾಯಿ ಬಿಡುತ್ತಿದ್ದರು. "ಸುಟ್ಕೊಂಡ್ ಬಾರವ್ವ, ಆದ್ರ ಆಕಿ ಜಾಳಿಗಿಗಿ ತಾಗಸಬ್ಯಾಡ," ಎಂದು ನನ್ನನ್ನು ಕಳಿಸುವರು. ಅತ್ತಿ ಅದನ್ನು ಕೇಳಿಸಿಕೊಂಡು ಮರುದಿನವೇ ನನಗೆಂದು ಬೇರೆ ಜಾಳಿಗೆ ಮಾಡಿಸಿದಳು. ಗೋಡೆಗೆ ಬೇರೆ ಗೂಟ ಹೊಡೆದು ತೂಗುಹಾಕಿದಳು.

"ಬಾ ಸೇಡಂದಾಕಿ, ನಿನ್ನ ಜಾಳಿಗಿ ಪೂಜಿ ಮುಗಿಸಿ ಕುಂತದ."

ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ, ಸೇಡಂದಾಕಿ ಎಂದು.

ನನ್ನ ಮೊದಲ ಬದನೆಕಾಯಿ ಹೊರಗೆ ಇದ್ದಿಲಾಗಿ, ಒಳಗೆ ಹಸಿಯಾಗೇ ಉಳಿದಿತ್ತು. ಅತ್ತಿ ಅದನ್ನು ಎತ್ತಿ ಓಣಿಗೆಲ್ಲ ತೋರಿಸಿದಳು. "ನೋಡ್ರವ್ವಾ, ಸೇಡಂದವ್ರ ಸಿಟ್ಟು ಹಿಂಗಿರ್ತದ. ಮ್ಯಾಲ ಮ್ಯಾಲ!" ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದಳು. ಇದ್ದಿಲು ಹೊಗೆ ಬಿಡುವಾಗ ಏನನ್ನೂ ಇಡಬಾರದು. ಉರಿ ಇಳಿದು, ಕರಿ ಹೋಗಿ, ಕೆಂಡದ ಮೈಮೇಲೆ ತೆಳ್ಳಗೆ ಬೂದಿ ಬರಬೇಕು. "ಕೆಂಡ ನಿಮ್ಮಂಗ ಇಬತ್ತಿ ಹಚ್ಕೋಬೇಕು. ಅಲ್ಲೀತನಕ ಅದಕ್ಕ ದೀಕ್ಷಾ ಆಗಿಲ್ಲ ಅಂತ ತಿಳಿ," ಎನ್ನುವಳು. ವಿಭೂತಿಯ ಮಾತನ್ನು ಒಲೆಗೆ ತಂದಳೆಂದು ನಮ್ಮ ಮನೆಯಾಕೆಗೆ ಸಿಟ್ಟು. ಆದರೆ ಬದನೆಕಾಯಿ ಬಿಟ್ಟವರಲ್ಲ.

ಕೆಂಡವನ್ನು ಪೀಪಾಯಿಯ ತುಂಬ ಹರಡಬಾರದು ಎನ್ನುವುದು ಎರಡನೆಯ ಪಾಠ. ಒಂದು ಬದಿಗೆ ಒಟ್ಟಬೇಕು, ಇನ್ನೊಂದು ಬದಿ ಖಾಲಿ ಇರಬೇಕು. ಕೆಂಡದ ಬದಿಗೆ ಅವಳು ಗಂಡನಮನಿ ಎಂದೂ ಖಾಲಿ ಬದಿಗೆ ತವರಮನಿ ಎಂದೂ ಹೆಸರಿಟ್ಟಿದ್ದಳು. "ಮೊದಲು ಗಂಡನಮನ್ಯಾಗ ಸುಡಲಿ, ಆಮ್ಯಾಗ ತವರಮನಿಗಿ ಕರಕೊಂಡ್ ಬಾ, ಮೆತ್ತಗ ಆಗ್ತದ. ಬರೇ ಅಲ್ಲೇ ಬಿಟ್ಟಿ ಅಂದ್ರ ಇದ್ಲಿ, ಬರೇ ಇಲ್ಲೇ ಇಟ್ಟಿ ಅಂದ್ರ ಹಸಿ." ಗಳಿಗೆಗೊಮ್ಮೆ ತಿರುವಿದರೆ ಕೈಗೆ ಏಟು ಬೀಳುವುದು. ಕೊಬ್ಬು ತೊಟ್ಟಿಕ್ಕಿ ಭಗ್ಗನೆ ಉರಿ ಎದ್ದರೆ ಸೀಖನ್ನು ತವರಮನೆಗೆ ಸರಿಸಿ ಸುಮ್ಮನಿರಬೇಕು. ನೀರು ಮಾತ್ರ ಹಾಕಬಾರದು. ನೀರು ಹಾಕಿದರೆ ಬೂದಿ ಎದ್ದು ಊಟದ ಮೇಲೆ ಕೂರುತ್ತದೆ, ಹಬೆ ಎದ್ದು ಮುಖಕ್ಕೆ ಹೊಡೆಯುತ್ತದೆ. ಈ ಒಂದು ಮಾತನ್ನು ಅವಳು ಓಣಿಗೆ ಬಂದ ಪ್ರತಿ ಸೊಸೆಗೂ ಹೇಳಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಂಡದ ಹದ ನೋಡುವ ಅವಳ ರೀತಿ ಇನ್ನೊಂದು. ಜಾಳಿಗೆಯ ಮೇಲೆ ಒಂದು ಗೇಣೆತ್ತರಕ್ಕೆ ಅಂಗೈ ಹಿಡಿದು, ಒಳಗಿದ್ದ ಮಗಳನ್ನು ಹೆಸರು ಹಿಡಿದು ಉದ್ದಕ್ಕೆ ಕೂಗುವಳು. ಹೆಸರು ಮುಗಿಯುವ ತನಕ ಕೈ ತಡೆದುಕೊಂಡಿತೋ, ಹದ ಸರಿ. ನಡುವೆಯೇ ಕೈ ಹಿಂದೆ ಬಂತೋ, ಇನ್ನೂ ಉರಿ ಹೆಚ್ಚು. ಪಾಪ, ಮಗಳು ಪ್ರತಿ ಸಲವೂ ಕೆಲಸ ಬಿಟ್ಟು ಓಡಿ ಬರುವಳು.

"ಏನವ್ವಾ?"

"ಏನಿಲ್ಲ, ಹೋಗು. ಕೆಂಡ ನೋಡಿದೆ."

"ನಾ ನಿನ್ನ ಮಗಳೋ, ಕೆಂಡ ನೋಡೋ ಕಡ್ಡಿಯೋ?" ಎಂದು ಕಾಲು ಅಪ್ಪಳಿಸಿ ಒಳಗೆ ಹೋಗುವಳು. ಮರುದಿನ ಮತ್ತೆ ಕೂಗಿದರೆ ಮತ್ತೆ ಬರುವಳು.

ಇಷ್ಟೆಲ್ಲ ಮಾಡಿದರೂ ಅತ್ತಿ ಒಂದು ದಿನವೂ ಕೆಂಡವನ್ನು ಫರ್ಸಿಯ ಮೇಲೆ ಇಟ್ಟವಳಲ್ಲ. ಕಾಲಡಿಗೆಲ್ಲ ಕಲ್ಲೇ ಇರುವಾಗ ಇಟ್ಟಂಗಿ ಯಾಕೆ ಹೊತ್ತು ತರುತ್ತೀ ಎಂದು ಕೇಳಿದ್ದೆ. ಅವಳ ಗಂಡ ಹೇಳಿದ್ದನಂತೆ. "ಈ ಕಲ್ಲು ಪದರ ಪದರ ಅದ. ಪದರದಾಗ ನೀರು ಕುಂತಿರ್ತದ, ಕಣ್ಣಿಗಿ ಕಾಣಂಗಿಲ್ಲ. ಕೆಳಗಿಂದ ಕಾಯ್ದ್ರ ಆ ನೀರು ಎಲ್ಲಿಗಿ ಹೋಗಬೇಕು ಹೇಳು? ಪಟಾಕಿ ಒಡದಂಗ ಒಡೀತದ." ಇಡಲೇಬೇಕಾಗಿ ಬಂದರೆ ಕೆಳಗೆ ದಪ್ಪಗೆ ಉಸುಕು ಹಾಸಬೇಕು, ಅಷ್ಟೇ ದಾರಿ.

ಮಗಳಿಗೆ ಚಿಂಚೋಳಿಯಿಂದ ಗಂಡು ಬಂತು. ಒಳ್ಳೆಯ ಮನೆ. ನಿಶ್ಚಯಕ್ಕೆ ಬೀಗರಾಗುವವರು ಶಹಾಬಾದಿಗೆ ಬರುವುದೆಂದಾಯಿತು. ಅವರು ಚಿಂಚೋಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು, ಅದಕ್ಕೆ ಕಲ್ಲು ಬೇಕಿತ್ತು. ಭಾವನಿಗೆ ಅಷ್ಟು ಸಾಕಾಯಿತು. ಅಂಗಳದಲ್ಲಿ ಕನ್ನಡಿಯಂಥ ಫರ್ಸಿಯಲ್ಲಿ ಒಂದು ಕಟ್ಟೆ ಕಟ್ಟಿಸಿದ, ನಡುವೆ ಕೆಂಡಕ್ಕೆ ಗುಳಿ ಬಿಡಿಸಿದ. ಬೀಗರ ಮುಂದೆಯೇ ಅದರಲ್ಲಿ ಕಬಾಬು ಸುಡಬೇಕು, ತಿನ್ನುತ್ತ ಅವರು ಕಲ್ಲು ನೋಡಬೇಕು.

"ಮಗಳ ಜೋಡಿ ಕಲ್ಲೂ ದಾಟಸಾಂವ ಇದ್ದಾನ," ಎಂದು ಅತ್ತಿ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಆದರೆ ಭಾವನ ಮುಂದೆ ನಿಂತು ಕೈಮುಗಿದೇ ಹೇಳಿದಳು: "ಭಾವಾ, ಕಲ್ಲು ಬೆಂಕಿಗಿ ಆಗಿ ಬರಂಗಿಲ್ಲರಿ. ನನ್ನ ಪೀಪಾಯಿ ಅದ, ಅದರಾಗೇ ಮಾಡ್ತೀನಿ."

"ಬೀಗರ ಮುಂದ ತುಕ್ಕು ಹಿಡದ ತಗಡ ಇಡ್ತಿಯೇನು? ಕಲ್ಲಿನ ಊರಾಗ ಹುಟ್ಟಿದಾಂವ ನಾನು. ಅಡವ್ಯಾಗ ಹುಟ್ಟಿದಾಕಿ ನೀನು. ನೀ ನನಗ ಕಲ್ಲಿಂದು ಹೇಳ್ತಿ?"

ಮಗಳ ಮದುವೆಗೆ ಮುಂದೆ ನಿಲ್ಲುವವನು ಅವನೇ. ಅವನು ಬೆನ್ನು ತಿರುಗಿಸಿದರೆ ಸಂಬಂಧ ಮುರಿದಂತೆ. ಅತ್ತಿ ಮತ್ತೆ ವಾದಿಸಲಿಲ್ಲ. ನಿಶ್ಚಯದ ದಿನ ಮಧ್ಯಾಹ್ನ ನನ್ನನ್ನು ಕರೆದಳು. ಇಬ್ಬರೂ ಸೇರಿ ಗುಳಿಯ ತುಂಬ, ಅಂಚಿನ ತನಕ, ದಪ್ಪಗೆ ಒಣ ಉಸುಕು ಹಾಸಿದೆವು. ಅಂಗೈಯಿಂದ ಒತ್ತಿ ಒತ್ತಿ ಸಮ ಮಾಡಿದಳು. "ಈಗ ಹೆದರಿಕಿಲ್ಲ," ಎಂದು ಮಾಂಸ ಕಲಸಲು ಒಳಗೆ ಹೋದಳು. ನಾನು ಸೀರೆ ಬದಲಿಸಲು ಮನೆಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಬೀಗರು ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ಕಟ್ಟೆ ಥಳಥಳ ಹೊಳೆಯುತ್ತಿತ್ತು. ಒಂದು ಕಾಳು ಉಸುಕೂ ಇರಲಿಲ್ಲ. ಬರಿಯ ಕಲ್ಲಿನ ಮೇಲೆ ಭಾವ ತಾನೇ ಕೈಯಾರೆ ಇದ್ದಿಲು ಸುರಿದು ಹೊತ್ತಿಸಿದ್ದ, ಆಗಲೇ ಕೆಂಪಾಗಿತ್ತು. ಸೀಖಿನ ತಾಟು ಹಿಡಿದು ಹೊರಗೆ ಬಂದ ಅತ್ತಿ ಬಾಗಿಲಲ್ಲೇ ನಿಂತಳು. ಕಟ್ಟೆ ನೋಡಿದಳು. ತಿರುಗಿ, ಪಡಸಾಲೆಯಲ್ಲಿ ಮಲ್ಲಿಗೆ ಮುಡಿದು ನಿಂತಿದ್ದ ಮಗಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು. ಭಾವನ ಹೆದರಿಕೆ ಎಂದು ನಾನು ಅಂದುಕೊಂಡೆ.

"ಬೀಗರ್ನ ಸ್ವಲ್ಪ ಹಿಂದ ಸರಸ್ರಿ, ಝಳ ಬಡೀತದ," ಎಂದಷ್ಟೇ ಅಂದಳು. ಅವರು ಸರಿದು ಕುಳಿತರು. ಅವಳು ಅವರಿಗೂ ಕೆಂಡಕ್ಕೂ ನಡುವೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು, ಗುಳಿ ಅವಳ ಬೆನ್ನಿನ ಮರೆಗೆ ಹೋಯಿತು. ಉರಿಯುತ್ತಿದ್ದ ಕೆಂಡವನ್ನು ಸಲಿಕೆಯಿಂದ ಎತ್ತಿ ಬುಟ್ಟಿಗೆ ಹಾಕತೊಡಗಿದಳು. "ಅಯ್ಯ, ತೆಗೀತಿ ಯಾಕ, ಇನ್ನಷ್ಟು ಹಾಕು!" ಎಂದು ಭಾವ ನಕ್ಕ ನೆನಪು... ಆಮೇಲೆ ಸದ್ದು. ಗಣಿಯಲ್ಲಿ ಮದ್ದು ಸಿಡಿದ ಹಾಗೆ. ಬೀಗರಲ್ಲಿ ಒಬ್ಬರ ಮೈಗೂ ಒಂದು ಚೂರು ತಾಗಲಿಲ್ಲ. ಎಲ್ಲ ಅವಳಿಗೇ.

ಎಡಗಣ್ಣು ಹೋಯಿತು. ಕಲಬುರಗಿಯ ಡಾಕ್ಟರು ಕೈಚೆಲ್ಲಿದರು.

ಅದಕ್ಕಿಂತ ಕೆಟ್ಟದ್ದು ಅಂಗಳದಲ್ಲೇ ನಡೆದಿತ್ತು. ಸೆರಗಿನಿಂದ ಕಣ್ಣು ಒತ್ತಿಹಿಡಿದು ಅವಳು ಒರಗಿ ಕುಳಿತಿದ್ದಾಗ ಬೀಗರ ಹಿರಿಯ ಕೇಳಿದ: "ಹ್ಯಾಂಗಾತ್ರಿ ಇದು? ಕಲ್ಲೇ ಒಡೀತಲ್ಲ?" ಭಾವ ರೆಪ್ಪೆ ಹೊಡೆಯದೆ ಹೇಳಿದ: "ನಮ್ಮ ಕಲ್ಲು ಒಡಿಯಂಗಿಲ್ರಿ. ಈಕಿ ಕೆಂಡದ ಮ್ಯಾಲ ನೀರು ಸುರುವಿದ್ಲು. ಕಾಯ್ದ ಕಲ್ಲಿಗಿ ನೀರು ಬಿದ್ರ ಯಾವ ಕಲ್ಲು ತಡೀತದ?"

ನಾನು ಎದ್ದು ನಿಂತಿದ್ದೆ. ಅತ್ತಿ ಒಂದೇ ಕಣ್ಣಿನಿಂದ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಆಮೇಲೆ ಬೀಗರ ಕಡೆ ತಿರುಗಿ ಹೇಳಿದಳು: "ಹೌದ್ರಿ. ನಂದೇ ತಪ್ಪು. ನಾನೇ ನೀರು ಹಾಕಿದೆ."

ದವಾಖಾನೆಯಲ್ಲಿ ಅವಳ ಜೊತೆ ಒಬ್ಬಳೇ ಇದ್ದಾಗ ಕೇಳಿಯೇಬಿಟ್ಟೆ, ಯಾಕೆ ಹಾಗಂದೆ ಎಂದು. "ಬಾಯಿ ಮುಚ್ಕೋ ಸೇಡಂದಾಕಿ. ಕಣ್ಣು ಹೋದದ್ದು ನಂದು, ಹೆಸರೂ ನಂದೇ ಹೋಗ್ಲಿ. ಹುಡುಗಿದು ಏನೂ ಹೋಗಬಾರದು. ಉಸುಕಿನ ಮಾತು ಯಾರ ಮುಂದೂ ಎತ್ತಬ್ಯಾಡ. ನಿನ್ನ ಕೊರಳಾಗಿನ ಲಿಂಗದ ಆಣಿ ಅದ." ಸಂಬಂಧ ಉಳಿಯಲೆಂದು ಹೇಳುತ್ತಿದ್ದಾಳೆ ಎಂದೇ ತಿಳಿದೆ. ಬೇರೇನು ತಿಳಿಯಲಿ?

ಮದುವೆಯಾಯಿತು. ಭಾವನ ಕಲ್ಲೂ ಚಿಂಚೋಳಿಗೆ ಹೋಯಿತು. ಅತ್ತಿಯ ಪೀಪಾಯಿ ಮಾತ್ರ ಮತ್ತೆ ಹೊರಗೆ ಬರಲಿಲ್ಲ. ಒಂದು ಕಣ್ಣಿನವಳು ಬೆಂಕಿ ಮುಂದೆ ಕೂರಬಾರದು ಎಂದು ಭಾವ ತೀರ್ಪು ಕೊಟ್ಟು, ಅವಳು ಕೂರುತ್ತಿದ್ದ ಜಾಗದಲ್ಲಿ ಕಲ್ಲಿನ ಅಟ್ಟಿ ಪೇರಿಸಿದ. ಓಣಿಯೇನು ಕಡಿಮೆಯೇ? ಅವಳಿಂದಲೇ ಕೆಂಡ ಹೊತ್ತಿಸಲು ಕಲಿತ ಹೆಂಗಸರು ನೀರಿನ ದೋಣಿಯ ಹತ್ತಿರ ನಗುತ್ತಿದ್ದರು: "ಊರಿಗೆಲ್ಲ ನೀರು ಹಾಕಬ್ಯಾಡ ಅಂದಾಕಿ, ತಾನೇ ಕೊಡ ಎತ್ತಿದ್ಲಂತ!" ಅವಳು ಬೇಳೆ ಗಿರಣಿಗೆ ತೊಗರಿ ಆರಿಸಲು ಹೋಗತೊಡಗಿದಳು. ಒಂದು ಕಣ್ಣಿಗೆ ಕಲ್ಲು, ಕಾಳು ಬೇಗ ಬೇರೆಯಾಗಿ ಕಾಣುತ್ತಿರಲಿಲ್ಲ, ಅಲ್ಲೂ ಬೈಗುಳವೇ. ಸಂಜೆ ಬಾಗಿಲಲ್ಲಿ ಸುಮ್ಮನೆ ಕೂರುವಳು. ಕರೆಯಲು ಮಗಳಿಲ್ಲ, ನೋಡಲು ಕೆಂಡವಿಲ್ಲ...

ಮಗಳು ತವರಿಗೆ ಬರುವುದನ್ನು ಬಿಟ್ಟಿದ್ದಳು. ಪಂಚಮಿಗೂ ಇಲ್ಲ, ದೀಪಾವಳಿಗೂ ಇಲ್ಲ. "ಆಕಿಗಿ ಅಲ್ಲಿ ಭಾಳ ಕೆಲಸ," ಎಂದು ಅತ್ತಿ ಕೇಳದಿದ್ದವರಿಗೂ ಹೇಳುವಳು. ಕೊನೆಗೆ ಬಂದದ್ದು ಮಣ್ಣಿಗೆ. ತಾಯಿಯ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಎಂಥ ಕಲ್ಲು ಹೆಣ್ಣು ಎಂದು ಆವತ್ತು ಮನಸ್ಸಿನಲ್ಲೇ ಶಪಿಸಿದ್ದೆ.

"ಆಯಿ, ಇಬತ್ತಿ ಬಂತು ನೋಡ್ರಿ," ಎಂದ ಹುಡುಗ. ಸೇಡಂನ ಮಾಳಿಗೆಯ ಮೇಲೆ ಕೆಂಡಕ್ಕೆ ಬೂದಿ ಕೂತಿತ್ತು. ಅಷ್ಟಕ್ಕೇ ಸುಮ್ಮನಿರಬಾರದೇ ಅವನು. "ನಮ್ಮ ಅಜ್ಜಿನೂ ಕೆಂಡಕ್ಕ ನೀರು ಹಾಕಿ ಕಣ್ಣು ಕಳಕೊಂಡ್ಲಂತಲ್ಲ? ಅಂಥಾಕಿ ಕಡಿಂದ ನೀವು ಕಲ್ತಿರೇನು?" ಎಂದು ನಕ್ಕ. ಕೆಟ್ಟ ಹುಡುಗನಲ್ಲ. ಕೇಳಿದ್ದನ್ನು ಹೇಳಿದ.

ಮೈಯೆಲ್ಲ ಉರಿಯಿತು. ಇವತ್ತು ಆಣೆಯೂ ಬೇಡ, ಏನೂ ಬೇಡ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ತಾಯಿ, ನನ್ನ ಅತ್ತಿಯ ಮಗಳು, ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಒಂದು ಬಕೆಟ್ಟು. "ತಾಟು, ಬದ್ನಿಕಾಯಿ ತಗೊಂಡ್ ಬಾ ಹೋಗು," ಎಂದು ಮಗನನ್ನು ಕೆಳಗೆ ಕಳಿಸಿದಳು. ಬಕೆಟ್ಟನ್ನು ಬಗ್ಗಿಸಿದಳು. ಉಸುಕು. ಒಲೆಯ ಮೂರು ಕಾಲಿನ ಸುತ್ತ ಫರ್ಸಿ ಹಾಸಿದ ಮಾಳಿಗೆಯ ಮೇಲೆ ಸುರಿದು, ಅಂಗೈಯಿಂದ ಒತ್ತಿ ಒತ್ತಿ ಸಮ ಮಾಡತೊಡಗಿದಳು. ಅದೇ ಕೈ, ಅದೇ ಒತ್ತು.

"ಕೆಂಡ ಉದುರಿದ್ರ ಕಲ್ಲು ಒಡೀತದ," ಎಂದಳು, ತಲೆ ಎತ್ತದೆ.

"ನಿನಗ್ಯಾರು ಹೇಳ್ಯಾರ?"

ಉಸುಕನ್ನು ಸವರುತ್ತಲೇ ಹೇಳಿದಳು, ಓಣಿಯ ದಿನಗಳ ಹಾಗೇ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದು. "ಅವತ್ತು ದೊಡ್ಡಪ್ಪ ಅಂದ, ಕಟ್ಟಿ ಮ್ಯಾಲ ಹೊಲಸು ಬಿದ್ದದ, ಬೀಗರು ಬರೂದ್ರಾಗ ಬಳದುಬಿಡವ್ವಾ ಅಂತ. ನನಗೂ ಛಂದ ಕಾಣಲಿ ಅಂತ ಅನಿಸ್ತು ವೈನಿ. ಉಸುಕು ಯಾಕ ಹಾಸ್ಯಾರ ಅಂತ ಯೋಚನಿ ಮಾಡ್ಲಿಲ್ಲ, ಕಸಬರಗಿ ತಗೊಂಡು ಬಳದೆ. ಒದ್ದಿ ಬಟ್ಟಿಲೆ ಒರಸಿದೆ."

ಬಕೆಟ್ಟಿನ ತಳದಲ್ಲಿ ಉಳಿದಿದ್ದ ಉಸುಕನ್ನು ಕೊಡವಿದಳು.

"ಅವ್ವ ಹೊರಗ ಬಂದಾಗ ಕಸಬರಗಿ, ಉಸುಕಿನ ಬುಟ್ಟಿ ಇನ್ನೂ ನನ್ನ ಕಾಲ ಬುಡದಾಗೇ ಇದ್ದುವು. ನೋಡಿದ್ಲು. ಸಾಯೂತನಕ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರ ಬರ್ತಿದ್ದೆ ವೈನಿ. ಬೈದಿದ್ರ ಬರ್ತಿದ್ದೆ..."

ಹಾಗಾದರೆ ಬಾಗಿಲಲ್ಲಿ ನಿಂತು ಅತ್ತಿ ಬಾಯಿ ಮುಚ್ಚಿಕೊಂಡದ್ದು ಭಾವನ ಹೆದರಿಕೆಗಲ್ಲ. ಉಸುಕಿನ ಮಾತು ಎತ್ತಬೇಡ ಎಂದು ನನ್ನಿಂದ ಆಣೆ ತೆಗೆದುಕೊಂಡದ್ದು ಬರಿಯ ಸಂಬಂಧ ಉಳಿಸಲಿಕ್ಕಲ್ಲ. ತಾಯಿ, ತಪ್ಪು ಮಗಳಿಗೆ ಗೊತ್ತಾಗದಿರಲೆಂದು ಸುಮ್ಮನಿದ್ದಳು. ಮಗಳು ಗೊತ್ತಿದ್ದೇ ದೂರ ಉಳಿದಳು. ನಡುವೆ ಆ ಮನುಷ್ಯ ಕಲ್ಲು ಮಾರಿಕೊಂಡು ಕೊನೆಯ ತನಕ ಮರ್ಯಾದೆಯಿಂದ ಬದುಕಿದ. ಸತ್ತಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

"ಮಗಗ ಹೇಳು," ಎಂದೆ.

"ಹ್ಯಾಂಗ ಹೇಳ್ಲಿ?"

ಶಹಾಬಾದಿನ ಆ ಓಣಿಯಲ್ಲಿ ಇವತ್ತಿಗೂ ಕೇಳಿ ನೋಡಿ, ಕೆಂಡಕ್ಕೆ ನೀರು ಸುರಿದಾಕಿ ಎಂದೇ ಹೇಳುತ್ತಾರೆ. ಅದಕ್ಕೇ ಇದನ್ನು ಬರೆದೆ. ಹೆಸರು ಹೇಳದೆ ಬರೆದೆ. ಆಣೆ ಅಷ್ಟರಮಟ್ಟಿಗಾದರೂ ಉಳಿಯಲಿ.

ಹುಡುಗ ಬದನೆಕಾಯಿ ತಂದ. ಹದ ಬಂದಿದೆಯೋ ಇಲ್ಲವೋ ನೋಡಬೇಕಿತ್ತು. ನಾನು ಕೈ ಚಾಚುವ ಮುಂಚೆಯೇ ಅವಳು ಕೆಂಡದ ಮೇಲೆ ಅಂಗೈ ಹಿಡಿದಳು. "ಅವ್ವಾ..." ಎಂದಳು. ಕೂಗಲಿಲ್ಲ, ಅಂದಳು ಅಷ್ಟೇ. ಆ ತಾಯಿ ಕೂಗಿದಾಗಲೆಲ್ಲ ಮಗಳು ಓಡಿ ಬರುತ್ತಿದ್ದಳು. ಮಗಳು ಕರೆದದ್ದಕ್ಕೆ ಯಾರು ಬರಬೇಕು... ಮಾತು ಮುಗಿಯಿತು. ಕೈ ಅಲ್ಲೇ ಇತ್ತು. ಅಂಗೈ ಕೆಂಪಾದರೂ ಅಲ್ಲೇ ಇತ್ತು. ನಾನೇ ಮಣಿಕಟ್ಟು ಹಿಡಿದು ಎಳೆದೆ.

"ಏನಾತವ್ವಾ?" ಎಂದ ಮಗ.

"ಏನಿಲ್ಲ," ಎಂದಳು. "ಕೆಂಡ ನೋಡಿದೆ."